ನೀಲಿ ಹಾಕಿದ ಬಿಳಿ ಬಟ್ಟೆ

ನಮ್ಮ ಸೋದರಮಾವ ಇಷ್ಟು ವರ್ಷ ಮದುವೆಗಳ ಫೋಟೋ ತೆಗೆದರೂ ಒಬ್ಬರ ಮುಖವನ್ನೂ ಸರಿಯಾಗಿ ನೋಡಿದವರಲ್ಲ ಎಂದರೆ ನಂಬುತ್ತೀರಾ? ನಂಬಲೇಬೇಕು! ಎದುರಿಗೆ ಮದುಮಗಳು ನಾಚಿ ನಿಂತಿದ್ದರೆ ಇವರ ಕಣ್ಣು ಅವಳ ತಲೆಯ ಮೇಲಿನ ಶಾಮಿಯಾನದಲ್ಲಿ. "ಕೆಂಪು ಬಟ್ಟೆ ಕಟ್ಬುಟ್ಟವ್ರೆ ಕಣ್ಲಾ, ಎಲ್ರ ಮೂತಿನೂ ಟೊಮೆಟೊ ಆಯ್ತದೆ" ಎಂದು ನನ್ನ ಕಿವಿಯಲ್ಲಿ ಗೊಣಗುವರು.

ಪಾಂಡವಪುರದಲ್ಲಿ ಅವರದೊಂದು ಸಣ್ಣ ಸ್ಟುಡಿಯೋ. ತಂದೆ ಅಕ್ಕಸಾಲಿಗರು, ಮಗ ಊದುಗೊಳವೆ ಬಿಟ್ಟು ಕ್ಯಾಮೆರಾ ಹಿಡಿದರೂ ಒರೆಗಲ್ಲಿನ ಬುದ್ಧಿ ಬಿಡಲಿಲ್ಲ. ಚಿನ್ನಕ್ಕೆ ಒರೆಗಲ್ಲು ಹೇಗೋ ಫೋಟೋಕ್ಕೆ ಬಿಳಿ ಬಟ್ಟೆ ಹಾಗೆ ಎಂಬುದು ಅವರ ಸಿದ್ಧಾಂತ. ಪ್ರತಿ ಮದುವೆಯ ಮೊದಲ ಫೋಟೋದಲ್ಲಿ ಯಾರಾದರೂ ಅವರ ಹಳೇ ಪಂಚೆಯ ತುಂಡನ್ನು ಹಿಡಿದು ನಿಲ್ಲಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಆ ಬಟ್ಟೆಯ ಮೇಲೆ ಒಂದು ಕ್ಲಿಕ್ಕು. 'ಇದು ಬಿಳಿ' ಎಂದು ಸಾಫ್ಟ್‌ವೇರಿಗೆ ತೋರಿಸಿದರೆ ಸಾಕು, ಅದು ಶಾಮಿಯಾನದ ಕೆಂಪನ್ನೆಲ್ಲ ಹಿಂಡಿ ತೆಗೆದು ಅವರವರ ಬಣ್ಣವನ್ನು ಅವರವರಿಗೆ ವಾಪಸು ಕೊಡುತ್ತಿತ್ತು.

ಅವರವರ ಬಣ್ಣ, ಅಷ್ಟೇ! ಕ್ಯಾತನಹಳ್ಳಿಯವರೊಬ್ಬರು "ನಮ್ ಮಗೀನ ವಸಿ ಬೆಳ್ಳಗ್ ಮಾಡಿ ಸ್ವಾಮಿ" ಎಂದು ಕೇಳಿದಾಗ ಮಾವ ಕೆರಳಿದರು. "ಬಣ್ಣ ಸರಿ ಮಾಡ್ತೀನಿ, ಬದಲು ಮಾಡಕಿಲ್ಲ. ಬೆಳ್ಳಗಿರೋ ಮಗ್ಳೇ ಬೇಕು ಅಂದ್ರೆ ಬ್ಯಾರೇರ್ ಆಲ್ಬಮ್ ಐತೆ, ತಕ್ಕೊಂಡೋಗಿ!"

ಬಟ್ಟೆ ಹಿಡಿಯುವ ಕೆಲಸ ಯಾರದು? ಇನ್ಯಾರದು, ನಮ್ಮ ಅತ್ತೆಯದೇ. ಅತ್ತೆ ಹೋದ ತಿಂಗಳು ತೀರಿಕೊಂಡರು. ನಗಿಸುತ್ತಲೇ ಇದನ್ನು ಹೇಳಿ ಮುಗಿಸೋಣ ಎಂದುಕೊಂಡಿದ್ದೆ, ಆಗುತ್ತಿಲ್ಲ.

ಅತ್ತೆಗೆ ಕ್ಯಾಮೆರಾ ಎಂದರೆ ಭಾರೀ ನಾಚಿಕೆ. ಬಟ್ಟೆಯನ್ನು ಮುಖದ ಮುಂದೆಯೇ ಹಿಡಿದು ಅಡಗಿಕೊಳ್ಳುವರು. "ಬಟ್ಟೆ ಕಂಡ್ರೆ ಸಾಕು ಕಣೇ, ನಿನ್ ಮುಖ ಯಾರ್ಗ್ ಬೇಕು?" ಎಂದು ಮಾವನ ತಮಾಷೆ. ಒಮ್ಮೆ ಕೆ.ಆರ್. ಪೇಟೆ ಕಡೆ, ಸಿಂಧಘಟ್ಟದ ಮದುವೆ. ಬಟ್ಟೆಯ ಮೇಲಿನ ನಂಬಿಕೆಯಲ್ಲಿ ಮಾವ ಕ್ಲಿಕ್ ಮಾಡಿ, ಒಂದು ಮುಖವನ್ನೂ ತಿರುಗಿ ನೋಡದೆ ಪ್ರಿಂಟಿಗೆ ಕಳಿಸಿದರು. ವಾರಕ್ಕೆ ಮದುಮಗನ ತಂದೆ ಆಲ್ಬಮ್ ಸಮೇತ ಹಾಜರು! "ಏನ್ ಫೋಟೋದೋರೆ, ನಮ್ ವಂಶಕ್ಕೆಲ್ಲ ಕಾಮಾಲೆ ಅಂಟಿಸ್ಬುಟ್ರಲ್ಲಾ!"

ವಿಚಾರಿಸಿದರೆ, ಅತ್ತೆ ಆ ಬಟ್ಟೆಯನ್ನು ನೀಲಿ ಹಾಕಿ ಒಗೆದಿದ್ದರು. "ಬೆಳ್ಳಗಾಗ್ಲಿ ಅಂತ ಎಲ್ಡು ತೊಟ್ಟು ಜಾಸ್ತಿ ಆಕ್ದೆ, ತಪ್ಪಾ?" ಬಟ್ಟೆಯ ನೀಲಿಯನ್ನೇ ಬಿಳಿ ಎಂದು ನಂಬಿದ ಸಾಫ್ಟ್‌ವೇರು, ಪಾಪ, ಇಡೀ ಮದುವೆಗೆ ಹಳದಿ ಬಳಿದಿತ್ತು. ಮಾವ ಮೂರು ದಿನ ಅತ್ತೆಯ ಜೊತೆ ಮಾತು ಬಿಟ್ಟರು. ಆ ಮೂರು ದಿನವನ್ನು ಈಗ ದಿನಕ್ಕೊಮ್ಮೆಯಾದರೂ ನೆನೆಯುತ್ತಾರೆ.

ಶ್ರೀರಂಗಪಟ್ಟಣದ ಹೊಳೆಯಲ್ಲಿ ಬೂದಿ ಬಿಟ್ಟು ಬಂದ ಮೇಲೆ, ಹನ್ನೊಂದನೇ ದಿನಕ್ಕೆ ಹಾರ ಹಾಕಲು ಅತ್ತೆಯ ಫೋಟೋ ಬೇಕಾಯಿತು. ಊರಿಗೆಲ್ಲ ಫೋಟೋ ತೆಗೆದವರ ಮನೆಯಲ್ಲಿ ಹೆಂಡತಿಯದೊಂದು ಇಲ್ಲ! ನಾನೂ ಮಾವನೂ ಕಂಪ್ಯೂಟರಿನ ಮುಂದೆ ಕೂತು ಮದುವೆಗಳ ಮೊದಲ ಫೋಟೋಗಳನ್ನು ಒಂದೊಂದಾಗಿ ತೆರೆದೆವು. ಎಲ್ಲದರಲ್ಲೂ ಬಟ್ಟೆ, ಬಟ್ಟೆಯ ಹಿಂದೆ ಅತ್ತೆ. ಕೊನೆಗೆ ಒಂದರಲ್ಲಿ ಮಾತ್ರ ಬಟ್ಟೆ ಎದೆಯವರೆಗೆ ಇಳಿದಿತ್ತು. ಅತ್ತೆ ಬಾಯಿ ತುಂಬ ನಗುತ್ತಿದ್ದರು. ಸಿಂಧಘಟ್ಟದ್ದೇ! ತಾನು ಒಗೆದ ಬಟ್ಟೆ ಎಷ್ಟು ಬೆಳ್ಳಗಿದೆ ನೋಡಿ ಎಂದು ಗಂಡನಿಗೆ ತೋರಿಸುವ ಸಂಭ್ರಮ.

ಮುಖದ ಮೇಲೆ ಶಾಮಿಯಾನದ ಕೆಂಪು. ಮಾವ ಅಭ್ಯಾಸದಂತೆ ಬಟ್ಟೆಯ ಮೇಲೆ ಕ್ಲಿಕ್ ಮಾಡಿದರು. ಅತ್ತೆಯ ಮುಖ ಹಳದಿಯಾಯಿತು.

"ಬಟ್ಟೇಲಿ ನೀಲಿ ಐತೆ ಮಾವ. ಕಣ್ಣಳತೇಲೇ ಸರಿ ಮಾಡಿ. ಅತ್ತೆ ಬಣ್ಣ ನಿಮ್ಗೆ ಗೊತ್ತಿಲ್ವಾ?" ಎಂದೆ.

ಮಾವ ಮೌಸ್ ಹಿಡಿದು ಅತ್ತ ಎಳೆದರು, ಇತ್ತ ಎಳೆದರು. ಕಣ್ಣು ತುಂಬಿ ಅವರಿಗೆ ಪರದೆಯೇ ಕಾಣುತ್ತಿರಲಿಲ್ಲ. "ನಾನು ಯಾವಾಗ್ಲೂ ಬಟ್ಟೆ ನೋಡ್ದೆ ಕಣ್ಲಾ. ಅವ್ಳ್ ಮುಖ ನೋಡ್ನಿಲ್ಲ" ಎಂದರು. ಆಮೇಲೆ ಮೌಸ್ ಬಿಟ್ಟು, "ಇರ್ಲಿ ಬುಡು. ಈಗ್ತಾನೆ ಅರಿಶ್ಣ ಅಚ್ಕಂಡು ಬಂದಂಗವ್ಳೆ" ಎಂದು ಹಾಗೆಯೇ ಪ್ರಿಂಟ್ ಹಾಕಿಸಿದರು.

ಹನ್ನೊಂದನೇ ದಿನ ಅರಕೆರೆಯಿಂದ ಬಂದ ನೆಂಟರೊಬ್ಬರು ಫೋಟೋ ನೋಡಿ, "ಬಣ್ಣ ವಸಿ ಅಳದಿ ಆಗೈತಲ್ಲಾ?" ಎಂದರು. ಮಾವ ಹಾರದ ಕೆಳಗಿನ ಅತ್ತೆಯ ಮುಖವನ್ನು ನೋಡುತ್ತಾ ಕೂತಿದ್ದರು.