ವಿಮಾನ ಮುಟ್ಟೂತನಕ ಮಣ್ಣಿಲ್ಲ

ನನ್ನ ತಮ್ಮ ಹುಟ್ಟಿದಾಗಿಂದ ವಿಮಾನ ಹತ್ತಿಲ್ಲ. ಆದ್ರ ಅಂವ ವಿಮಾನದ ಲೆಕ್ಕಾ ಹೇಳದ ಹೊರತು ನಮ್ಮ ಶಲವಡ್ಯಾಗ ಹೆಣಾ ಎತ್ತೂದಿಲ್ಲ! ನಗ್ತೀರಿ? ನಗ್ರಿ. ನಮ್ಮೂರಾಗ ಮಾತ್ರ ಅವನ್ನ ನೋಡಿ ಯಾರೂ ನಗೂದಿಲ್ಲ.

ನಮ್ಮ ಮಂದ್ಯಾಗ ಸತ್ತವರನ್ನ ಗ್ವಾಡಿಗೆ ಆನಿಸಿ ಕುಂದರಸ್ತಾರ. ದೂರದ ಮಕ್ಕಳು ಬಂದು ಮಾರಿ ನೋಡೂತನಕ ಮಣ್ಣು ಮಾಡೂದಿಲ್ಲ. ಎಷ್ಟೊತ್ತು ಕುಂದರಸಬೇಕು? ಅದನ್ನ ಹೇಳಾವ ನನ್ನ ತಮ್ಮ. ಕುಣಿ ತೋಡಾವ್ರೂ ಮೊದಲ ಇವನ್ನ ಕೇಳ್ತಾರ. ಲಗ್ನಾ ಇಲ್ಲ, ಮಕ್ಕಳಿಲ್ಲ, ನನ್ನ ಜೋಡಿನ ಇರ್ತಾನ. ಸಾಲಿ ಮಾಸ್ತರಂಗ ಕಿಸೇದಾಗ ಖಡುವಿನ ತುಂಡು. ಮೊಬೈಲ್ ನೋಡಿ ನಮ್ಮ ಮನಿ ಹೊರಗಿನ ಗ್ವಾಡಿ ಮ್ಯಾಲೆ ಬೆಳ್ಳಗ ಬರೀತಾನ: ಇಷ್ಟು ಕಿಲೋಮೀಟರ, ಆಕಾಶದಾಗ ಇಷ್ಟು ತಾಸು, ಆಮ್ಯಾಲೆ ಜೀಪಿನ್ಯಾಗ ಇಷ್ಟು.

ಒಮ್ಮೆ ಹಿಂದಿನ ಓಣಿ ಹಿರ್ಯಾ ಮುಂಜಾನಿ ಹತ್ತೂವರಿಗೆ ತೀರಿಕೊಂಡ. ಮಗ ದುಬೈದಾಗ. ಸೊಸಿ ಅಳಕೋಂತ ಬಂದ್ರ ಇಂವ ಗಡಿಯಾರ ನೋಡಿ, "ಗೋವಾಕ್ಕ ಬರಾಕ ಮೂರು ತಾಸರಿ. ನಮಗೀಗ ಹನ್ನೊಂದು, ಅಲ್ಲೆ ಇನ್ನೂ ಒಂಬತ್ತೂವರಿ. ಆ ಊರಿನ ಲೆಕ್ಕದಾಗ ನಿಮ್ಮ ಮಾವ್ನೋರು ಇನ್ನೊಂದು ತಾಸು ಬದುಕಿರ್ತಾರ" ಅನ್ನಬೇಕ! ಅಕಿ ಅಳೂದು ಬಿಟ್ಟು ಓಡಿಹೋಗಿ ಮಾವನ ಮೂಗಿಗೆ ಕೈ ಹಿಡದು ನೋಡಿದ್ಲು.

ಇಷ್ಟ ಆಗಿದ್ರ ಚಲೋ ಇತ್ತು. ಒಂದಿನಾ ಮಧ್ಯಾಹ್ನ ಸುಮ್ಮಸುಮ್ಮನ "ಸೂರತ್" ಅಂತ ಬರದ.

"ಯಾರೂ ಸತ್ತಿಲ್ಲಲೇ, ಅಳಸ."

"ಕೈಗೆ ಬಂತಬೇ ಅಕ್ಕಾ, ಬರದೆ."

ಚಾ ಕುದಿಯೂದ್ರಾಗ ಸುದ್ದಿ ಬಂತು. ಮೂಲಿಮನಿ ಮುದುಕಿ ಕುಂತಲ್ಲೇ ಹೋಗಿದ್ಲು. ಅಕಿ ಮಗಾ ಇರೂದು ಸೂರತ್‌ದಾಗ. ಅಂವ ಚಾ ಮುಟ್ಟಲಿಲ್ಲ. ನಾ ಕುಡದೆ. ಸತ್ತಾಕಿ ಅಕಿ, ನಾ ಅಲ್ಲಲ್ಲ! ಅವತ್ತಿಂದ ಇಂವ ಬೀಡಿ ತಗ್ಯಾಕ ಕಿಸೇಕ್ಕ ಕೈ ಹಾಕಿದ್ರೂ ಓಣಿ ಮಂದಿ ಬಾಗಲಾ ಹಾಕ್ಕೊತಾರ.

ಹೋದ ಸೋಮವಾರ ಬರದ: "ಗುವಾಹಟಿ."

ನಮ್ಮೂರವ್ರು ಗುವಾಹಟ್ಯಾಗ ಇರೂದು ಒಬ್ಬಾಕಿನ. ನನ್ನ ಮಗಳು. ಎರಡು ಸಾವಿರದ ನೂರು ಕಿಲೋಮೀಟರ. ಬೆಂಗಳೂರಿಗೆ ಮೂರು ತಾಸು, ಹುಬ್ಬಳ್ಳಿಗೆ ಒಂದು, ಕಾಯೂದು, ಜೀಪು, ಎಲ್ಲಾ ಹಿಡದು ಹನ್ನೆರಡು.

ಮರುದಿನ ಮಂದಿ ಬಾಳೆಹಣ್ಣು ಹಿಡಕೊಂಡು ನನ್ನ ನೋಡಾಕ ಬಂತು. ಹತ್ತು ವರ್ಷ ಮಾತು ಬಿಟ್ಟಿದ್ದ ಬಾಜೂಮನಿಯಾಕಿ, "ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋಬೇ" ಅಂತ ಕಾಲಿಗೆ ಬಿದ್ಲು! ಹಣ್ಣು ತಿಂದೆ. ಆದ್ರ ಸುಳ್ಳ್ಯಾಕ ಹೇಳ್ಲಿ, ಮಂದಿ ಹೋದಮ್ಯಾಲೆ ಗ್ವಾಡಿ ಮ್ಯಾಲಿನ ಲೆಕ್ಕಾ ಎರಡು ಸಲ ನೋಡಿದೆ.

"ಯಾವಾಗಲೇ ನಂದು?" ಅವನ್ನ ಕೇಳೇಬಿಟ್ಟೆ.

ಅಂವ ನೆಲಾ ನೋಡಿದ. "ನಿಂದಲ್ಲಬೇ. ನಂದು."

"ಹುಚ್ಚಾ, ಗುವಾಹಟ್ಯಾಗ ನಿಂದೇನೈತಿ?"

"ಎಲ್ಲ್ಯೂ ಏನಿಲ್ಲ. ಊರ ಮಂದಿಗೆಲ್ಲಾ ಕಾಯಾಕ ಹಚ್ಚೀನಿ. ನನ್ನ ಸಲುವಾಗಿ ದೂರದಿಂದ ಬರಾವ್ರು ಯಾರದಾರ? ಎರಡು ತಾಸಿನ್ಯಾಗ ಮಣ್ಣಿಗೆ ಇಟ್ಟುಬಿಡ್ತಾರ. ನಿನ್ನ ಮಗಳ ಹೆಸರಿಲೆ ನನಗೂ ಅರ್ಧಾ ದಿನಾ ಕಾಯ್ತಾರೇನಂತ ಲೆಕ್ಕಾ ಹಾಕಿ ನೋಡಿದೆ."

ನನಗ ಅಕ್ಷರ ಅಷ್ಟಕ್ಕಷ್ಟ. ಆದ್ರೂ ಖಡು ಕಸಗೊಂಡು ಹನ್ನೆರಡು ಅಳಿಸಿ, ಸೊಟ್ಟಸೊಟ್ಟ ಹದಿನಾಲ್ಕು ಬರದೆ.

"ಅಕಿಗೆ ಅಷ್ಟು ಹೊತ್ತು ಹಿಡ್ಯೂದಿಲ್ಲಬೇ ಅಕ್ಕಾ."

"ಅಕಿ ಹನ್ನೆರಡಕ್ಕ ಬರ್ಲಿ. ಮ್ಯಾಲಿನ ಎರಡು ತಾಸು ನಂದು, ನಿನ್ನ ಬಾಜೂಕ ಕುಂದರಾಕ."