ಬೊಂಬೆಯ ಜುಟ್ಟಿಗೆ ಕತ್ತರಿ

ಈ ಊರಿನ ಅರ್ಧ ಹೆಂಗಸರ ತಲೆ ನನ್ನ ಕೈಯಲ್ಲಿದೆ! ತಪ್ಪು ತಿಳಿಯಬೇಡಿ, ನಾನು ಬ್ಯೂಟಿ ಪಾರ್ಲರ್ ನಡೆಸುವವಳು. ಮನೆಯ ಮುಂದಿನ ಕೋಣೆಯೇ ನನ್ನ ಸಾಮ್ರಾಜ್ಯ, ಬಾಚಣಿಗೆಯೇ ರಾಜದಂಡ. ಪೊರಕೆಯಂಥ ಕೂದಲನ್ನೂ ರೇಷ್ಮೆ ಮಾಡಿ ಕಳಿಸಿದ ಈ ಕೈಗಳಿಗೆ, ಮೈತುಂಬ ರೇಷ್ಮೆ ಹೊತ್ತೇ ಹುಟ್ಟುವ ಸಿಲ್ಕಿ ಕೋಳಿ ಯಾವ ಲೆಕ್ಕ? "ನೀವು ರಜೆಗೆ ಬರೋಷ್ಟರಲ್ಲಿ ಹಿತ್ತಿಲ ತುಂಬ ಮರಿ ಓಡಾಡ್ತಿರ್ಬೇಕು, ಶೋಕೇಸಲ್ಲಿ ಕೋಳಿ ಪ್ರದರ್ಶನದ ಕಪ್ ಕೂತಿರ್ಬೇಕು. ಇಲ್ಲದಿದ್ರೆ ನನ್ನ ಹೆಸರೇ ಬದಲಾಯಿಸಿ!" ಎಂದು ಗಂಡನಿಗೆ ಫೋನಿನಲ್ಲಿ ಶಪಥ ಮಾಡಿಬಿಟ್ಟೆ.

ನನ್ನ ಗಂಡ ಸಮುದ್ರದ ನಡುವೆ ಎಣ್ಣೆ ತೆಗೆಯುವ ರಿಗ್ಗಿನಲ್ಲಿ ವೆಲ್ಡರ್.

"ಕೋಳಿ ಯಾಕೇ ನಿನಗೆ?" ಅಂದರು.

"ಮಾತಾಡೋಕೆ!"

ತಮಾಷೆಗೆ ಹೇಳಿದ ಮಾತಲ್ಲ ಅದು. ಪಾರ್ಲರಿನ ಬಾಗಿಲು ಹಾಕಿದ ಮೇಲೆ ಮನೆಯಲ್ಲಿ ಫ್ರಿಜ್ಜಿನದೊಂದು ಗೊರಗೊರ ಬಿಟ್ಟರೆ ಉಸಿರಿಲ್ಲ. ಒಬ್ಬಳಿಗಾಗಿ ಒಲೆ ಹಚ್ಚಲು ಬೇಜಾರಾಗಿ, ನಿಂತುಕೊಂಡೇ ಬ್ರೆಡ್ಡು ತಿಂದು ಮುಗಿಸುತ್ತಿದ್ದೆ. ಸಾಲದ್ದಕ್ಕೆ, ಇವರು ಈಚೆಗೆ ವೀಡಿಯೊ ಕರೆಯನ್ನೇ ನಿಲ್ಲಿಸಿಬಿಟ್ಟಿದ್ದರು.

"ಮುಖ ತೋರ್ಸ್ರೀ ಒಂದ್ಸಲ."

"ಸಿಗ್ನಲ್ ಇಲ್ಲ ಕಣೇ."

"ಮಾತಿಗೆ ಸಿಗ್ನಲ್ ಇದೆ, ಮುಖಕ್ಕೆ ಇಲ್ವಾ?"

ಅಷ್ಟಕ್ಕೇ ಆ ಕಡೆ ಯಾರೋ ಕರೆದರಂತೆ, ಫೋನ್ ಇಟ್ಟರು. ನನಗೆ ನೋಡಬೇಕು ಅನ್ನಿಸುವಂತೆ ಅವರಿಗೆ ಅನ್ನಿಸುವುದಿಲ್ಲವೇ?

ಅಂಥ ಹೊತ್ತಿನಲ್ಲಿ ಸಿಲ್ಕಿ ಕೋಳಿ ಸಾಕಿ ಮಾರುವವನೊಬ್ಬನಿಂದ ಒಂದು ಜೋಡಿ ತಂದೆ. ಬಿಳಿ ಹೇಟೆಗೆ ಬೊಂಬೆ ಎಂದು ಹೆಸರಿಟ್ಟೆ, ಹುಂಜನಿಗೆ ಸಾಹೇಬ. ಆಹಾ, ಏನು ಸಂಸಾರ! ಸಾಹೇಬ ಒಂದು ಹುಳ ಸಿಕ್ಕರೂ ಕೊಕ್ಕೊಕ್ಕೆಂದು ಕರೆದು ಹೆಂಡತಿಗೇ ಕೊಡುವನು. ನೋಡಿ ನನಗೆ ಖುಷಿಯೂ ಆಗುತ್ತಿತ್ತು, ಸ್ವಲ್ಪ ಹೊಟ್ಟೆಯುರಿಯೂ ಆಗುತ್ತಿತ್ತು.

ಪ್ರದರ್ಶನ ಹತ್ತಿರ ಬಂತು. ಬೊಂಬೆಗೆ ಮಂಗಳಸ್ನಾನ! ತಲೆಗೆ ಬಣ್ಣ ಹಚ್ಚುವಾಗ ಬಳಸುವ ಟಬ್ಬಿಗೆ ಬೆಚ್ಚಗಿನ ನೀರು ತುಂಬಿ ಇಳಿಸಿದೆ. ಪುಕ್ಕ ಒದ್ದೆಯಾಗಿದ್ದೇ ತಡ, ಒಳಗಿನಿಂದ ಕಾಡಿಗೆಗಪ್ಪು ಚರ್ಮ!

"ಅಯ್ಯೋ! ಟಬ್ಬಲ್ಲಿದ್ದ ಹೇರ್‌ಡೈ ಹಿಡ್ಕೊಂಡುಬಿಡ್ತು!" ಎಂದು ಬೊಬ್ಬೆ ಹಾಕುತ್ತ ಗಸಗಸ ಉಜ್ಜಿದೆ. ಉಜ್ಜಿದಷ್ಟೂ ಕಪ್ಪು! ಮಹಡಿಮನೆಯ ಅಜ್ಜಿ ಬಾಲ್ಕನಿಯಿಂದ ಬಗ್ಗಿ, "ಆ ಕೋಳಿ ಚರ್ಮವೇ ಕಪ್ಪಂತೆ ಕಣಮ್ಮ, ತಂದವತ್ತು ನೀನೇ ನನಗೆ ಹೇಳಿದ್ದೆ. ಬಿಡು ಅದನ್ನ, ಸುಲಿದುಬಿಟ್ಟೀಯ!" ಎಂದರು.

ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ನಾನೆಂಥ ಬ್ಯೂಟಿಷಿಯನ್? ಶಾಂಪೂ ಆದ ಮೇಲೆ ಕಂಡಿಷನರ್, ಅದರ ಮೇಲೆ ಸೀರಮ್. ಡ್ರೈಯರಿನ ಬಿಸಿಗಾಳಿಗೆ ಬೊಂಬೆ ಸುಖವಾಗಿ ನಿದ್ದೆ ಹೋದಳು. ಎದ್ದಾಗ ಮಾತ್ರ ಜಿಡ್ಡು ಹಿಡಿದ ನೆಲ ಒರೆಸುವ ಬಟ್ಟೆಯಾಗಿದ್ದಳು! ಮತ್ತೆ ತೊಳೆದೆ, ಮತ್ತೆ ಒಣಗಿಸಿದೆ. ಈಗ ಉಬ್ಬಿದ ಜುಟ್ಟು ಅವಳ ಕಣ್ಣನ್ನೇ ಮುಚ್ಚಿಬಿಟ್ಟಿತು. ಕಾಣದೆ ಬೊಂಬೆ ಹೋಗಿ ಹೋಗಿ ಗೋಡೆಗೆ ಹಾಯತೊಡಗಿದಳು. ಕತ್ತರಿ ತೆಗೆದೆ. ಕಚ್, ಕಚ್! ಕಾಲೇಜು ಹುಡುಗಿಯರಿಗೆ ಮಾಡುವ ಫ್ರಿಂಜ್ ಕಟ್!

ಹೆಮ್ಮೆಯಿಂದ ಹಿತ್ತಿಲಿಗೆ ಬಿಟ್ಟೆ. ಸಾಹೇಬ ನೋಡಿದ. ತಲೆ ಓರೆ ಮಾಡಿ ಮತ್ತೊಮ್ಮೆ ನೋಡಿದ. ಆಮೇಲೆ ಬಂದು ನೆತ್ತಿಗೇ ಕುಕ್ಕಿದ! ಬೊಂಬೆ ಮುಂದೆ, ಸಾಹೇಬ ಹಿಂದೆ, ಟವೆಲ್ ಹಿಡಿದು ನಾನು ಅವನ ಹಿಂದೆ!

ಕೋಳಿಯವನಿಗೆ ಫೋನ್ ಮಾಡಿದೆ.

"ಜುಟ್ಟು ಕತ್ತರಿಸಿದ್ರಾ? ಹೋಯ್ತು ಬಿಡಿ ಮೇಡಂ. ಪ್ರದರ್ಶನಕ್ಕೆ ತಗೊಳಲ್ಲ."

"ಕಪ್ ಮನೆ ಹಾಳಾಗ್ಲಿ, ಹುಂಜ ಯಾಕೆ ಕೊಲ್ಲೋಕೆ ಬರ್ತಿದೆ?"

"ಅವು ತಲೆ ನೋಡಿಯೇ ಒಂದನ್ನೊಂದು ಗುರುತು ಹಿಡಿಯೋದು. ಅವನ ಪಾಲಿಗೆ ಇದ್ಯಾವುದೋ ಹೊಸ ಕೋಳಿ."

ಸಿಟ್ಟು ನೆತ್ತಿಗೇರಿತು. ಸಾಹೇಬನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತೆ. "ನಾಚಿಕೆ ಆಗಲ್ವೇನೋ? ದಿನಾ ಮೈಗೆ ಮೈ ತಾಗಿಸ್ಕೊಂಡು ಮಲಗಿದ್ಯಲ್ಲೋ! ನಾಲ್ಕು ಪುಕ್ಕ ಹೋದ್ರೆ ಹೆಂಡ್ತಿ ಗುರುತೇ ಸಿಗಲ್ವಾ?" ಬೈಯುತ್ತ ಬೈಯುತ್ತ ನನಗೇ ಅಳು ಬಂತು. ಅಜ್ಜಿ ಬಾಲ್ಕನಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು.

ಬೊಂಬೆಯನ್ನು ಒಳಗೆ ತಂದುಕೊಂಡೆ. ಅವಳೋ, ಪಾರ್ಲರಿನ ಕೆಳಖಾನೆಯಲ್ಲಿದ್ದ ಗುಲಾಬಿ ಬಣ್ಣದ ಹೇರ್ ರೋಲರುಗಳ ಮೇಲೆ ಕಾವು ಕೂತುಬಿಟ್ಟಳು! ತೆಗೆಯಲು ಹೋದರೆ ಗುರ್ರೆನ್ನುವಳು. ಗುಂಗುರು ಕೂದಲು ಬೇಕೆಂದು ಬಂದ ಗಿರಾಕಿಗಳಿಗೆಲ್ಲ, "ರೋಲರ್ ಬಾಣಂತಿಕೋಣೆಯಲ್ಲಿದೆ, ಆಮೇಲೆ ಬನ್ನಿ" ಎಂದು ಹೇಳಿ ಕಳಿಸಿದೆ. ಸಂಜೆ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂರುತ್ತಿದ್ದೆ. ಅವಳ ಹೊಟ್ಟೆಯಡಿ ಪ್ಲಾಸ್ಟಿಕ್, ನನ್ನ ತೊಡೆಯ ಮೇಲೆ ರಿಂಗಾಗದ ಫೋನು. "ಏನೂ ಹೊರಗೆ ಬರಲ್ಲ ಕಣೇ, ಏಳು" ಎಂದರೆ ಅವಳು ಏಳಲಿಲ್ಲ. ನಾನೂ ಏಳಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅಜ್ಜಿಯ ತಲೆಗೆ ಬಣ್ಣ ಹಚ್ಚುತ್ತಿದ್ದೆ. ಬಾಗಿಲ ಕರೆಗಂಟೆ ಬಾರಿಸಿತು. ಬ್ರಷ್ ಹಿಡಿದೇ ಬಾಗಿಲು ತೆರೆದೆ. ಬಿಸಿಲಲ್ಲಿ ಸುಟ್ಟು ಕರಿದಾದ ಒಬ್ಬ ಬೋಳುಮುಖದ ಗಂಡಸು, ಮಾತಿಲ್ಲ ಕತೆಯಿಲ್ಲ, ನನ್ನನ್ನೇ ನೋಡಿ ಹಲ್ಲು ಕಿಸಿಯುತ್ತ ನಿಂತಿದ್ದಾನೆ! ನನಗೆ ಮೈಯೆಲ್ಲ ಉರಿದುಹೋಯಿತು.

"ಅಣ್ಣಾ, ಇದು ಹೆಂಗಸರ ಪಾರ್ಲರ್! ಗಂಡಸರ ಅಂಗಡಿ ಆ ತಿರುವಲ್ಲಿದೆ, ಹೋಗಿ!" ಎಂದು ದಢಾರನೆ ಬಾಗಿಲು ಹಾಕಿದೆ.

ಆ ಕಡೆಯಿಂದ ದನಿ ಬಂತು. "ಲೇ... ನಾನು ಕಣೇ!"

ಬ್ರಷ್ ಕೈಯಿಂದ ಜಾರಿ ಬಿತ್ತು. ಬಾಗಿಲು ತೆರೆದರೆ, ನನ್ನ ಗಂಡ! ಮದುವೆಯ ದಿನ ನನಗಿಂತ ಜಾಸ್ತಿ ಹೊತ್ತು ಕನ್ನಡಿ ಮುಂದೆ ನಿಂತು ತೀಡಿದ್ದ ಆ ಹುರಿಮೀಸೆ ಮಾತ್ರ ಮಾಯ!

"ವಿಷಗಾಳಿಗೆ ಮಾಸ್ಕ್ ಹಾಕ್ಬೇಕು, ಇಷ್ಟು ದೊಡ್ಡ ಮೀಸೆ ಇದ್ರೆ ಸರಿಯಾಗಿ ಕೂರಲ್ಲ ಅಂತ ಬೋಳಿಸಿಬಿಟ್ರು. ನೀನು ನೋಡಿ ನಗ್ತೀಯ ಅಂತ ವೀಡಿಯೊ ಮಾಡ್ಲಿಲ್ಲ." ಆಮೇಲೆ ಸಣ್ಣ ದನಿಯಲ್ಲಿ, "ಅಣ್ಣಾ ಅಂದ್ಬಿಟ್ಯಲ್ಲೇ!" ಅಂದರು.

ಬಣ್ಣದ ಕೈಯಲ್ಲೇ ಅವರ ಅಂಗಿ ಹಿಡಿದುಕೊಂಡು ಅತ್ತೆ, ನಕ್ಕೆ, ಮತ್ತೆ ಅತ್ತೆ. ಅಂಗಿ ಹಾಳಾಯಿತು.

ಕುರ್ಚಿಯಲ್ಲಿ ಅರ್ಧ ಕಪ್ಪು ಅರ್ಧ ಬಿಳಿ ತಲೆ ಹೊತ್ತು ಕೂತಿದ್ದ ಅಜ್ಜಿ ಗಂಟಲು ಸರಿಮಾಡಿಕೊಂಡರು.

"ಪಾಪ ಆ ಹುಂಜನಿಗೆ ಹಾಗೆ ಬೈದ್ಯಲ್ಲಮ್ಮ. ಅದು ಕುಕ್ಕಿತು ಅಷ್ಟೇ. ಹೆಂಡತೀನ ತಂಗಿ ಅಂತೂ ಅನ್ಲಿಲ್ಲ!"