ಸುರೇಬಾನದ ಮದುಮಗಳು ಕಿತ್ತೂರಿನಲ್ಲಿ ಸಿಕ್ಕಿದ್ದು

ಪಲ್ಲವೀ, ಕಿರಣಾ, ಹೊರಗಿನವರು ಬಂದರೆ ಅಜ್ಜಿ ಬಾಯಿಯನ್ನೇ ತೆರೆಯುವುದಿಲ್ಲ ಎಂದು ನೀವಿಬ್ಬರೂ ನಗುತ್ತೀರಲ್ಲ? ಇದನ್ನು ಓದಿ ನೋಡಿ. ಬಾಯಿ ಮಾತ್ರವಲ್ಲ, ಕೈಯನ್ನೂ ಕಟ್ಟಿಕೊಂಡು ಕೂಡಬೇಕಿತ್ತು ಎಂದು ನಿಮಗೇ ಅನ್ನಿಸುತ್ತದೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಬೈಲಹೊಂಗಲದ ನಮ್ಮ ಫೋಟೋ ಅಂಗಡಿಯನ್ನು ನಿಮ್ಮಪ್ಪ ಶಿವಾನಂದ ನಡೆಸುತ್ತಿದ್ದ. ರೀಲು ಹೋಗಿ ಕಂಪ್ಯೂಟರು ಬಂದಿದ್ದ ಕಾಲ. ಅವನು ಊರೂರು ತಿರುಗಿ ಫೋಟೋ ತೆಗೆಯುವುದು, ನಾನು ತಲೆಯ ಮೇಲೆ ಸೆರಗು ಹೊದ್ದು ಕಂಪ್ಯೂಟರಿನ ಹಿಂದೆ ಅಡಗಿ ಕೂಡುವುದು. ತೊರಗಲ್ಲಿನ ಸಾಲೆಯಲ್ಲಿ ಕಲಿತ ನನಗೆ ಅವನು ಮದುವೆ ಅಲ್ಬಮ್ಮಿನ ಪುಟ ಜೋಡಿಸುವುದನ್ನು ಕಲಿಸಿದ್ದ. ಮದುಮಕ್ಕಳನ್ನು ಹೃದಯದ ಚೌಕಟ್ಟಿನಲ್ಲಿ ಕೂಡಿಸಿ, ಸುತ್ತ ಗುಲಾಬಿ ಹೂ ಚೆಲ್ಲುವುದರಲ್ಲಿ ನನ್ನನ್ನು ಮೀರಿಸುವವರು ತಾಲೂಕಿನಲ್ಲಿ ಇರಲಿಲ್ಲ. ಹಾಗೆಂದು ನನಗೆ ಹೇಳಿದವಳು ನಾನೇ.

ಒಂದು ದಿನ ಕಂಪ್ಯೂಟರಿನ ಹೊಟ್ಟೆ ತುಂಬಿತು. ಶಿವಾನಂದ ಹೊಸ ಹಾರ್ಡ್ ಡಿಸ್ಕ್ ತಂದ.

"ಅವ್ವಾ, ಫೋಟೋ ಎಲ್ಲಾ ಇದರಾಗ ಹಾಕೂದೈತಿ. ಸವದತ್ತಿ ಮದುವಿ ಮುಗಿಸಿ ಬಂದು ನಾನs ಹಾಕತೇನಿ. ನೀ ಏನೂ ಮುಟ್ಟಬ್ಯಾಡ" ಎಂದು ಹೇಳಿ ಬಸ್ಸು ಹತ್ತಿದ.

ಮುಟ್ಟಬೇಡವಂತೆ! ಇವನನ್ನು ಕಂಕುಳಲ್ಲಿ ಎತ್ತಿಕೊಂಡು ಎಷ್ಟು ಬಾಡಿಗೆ ಮನೆ ಬದಲಿಸಿದ್ದೇನೆ, ಒಂದು ಚಮಚ ಕಳೆದಿಲ್ಲ. ಡಿಸ್ಕಿನ ಹಣೆಗೆ ವಿಭೂತಿ ಹಚ್ಚಿ, ಕೈಮುಗಿದು, ಕೆಲಸಕ್ಕೆ ಕುಳಿತೆ.

ಒಳಗೆ ನೋಡಿದರೆ ಅವ್ಯವಸ್ಥೆಯೋ ಅವ್ಯವಸ್ಥೆ. ನಿಮ್ಮಪ್ಪ ತಾರೀಖಿನ ಪ್ರಕಾರ ಎಲ್ಲವನ್ನೂ ಸುರಿದಿದ್ದ. ಮದುವೆಯ ಪಕ್ಕದಲ್ಲಿ ಎಮ್ಮೆ, ಎಮ್ಮೆಯ ಪಕ್ಕದಲ್ಲಿ ನಿವೃತ್ತಿ ಸಮಾರಂಭ. ಆಗ ದನಗಳಿಗೆ ವಿಮೆ ಮಾಡಿಸಲು ಫೋಟೋ ಬೇಕಾಗುತ್ತಿತ್ತು. ಕಿವಿಗೆ ಬಿಲ್ಲೆ ಹಾಕಿಸಿಕೊಂಡ ಎಮ್ಮೆಗಳು ನಮ್ಮ ಖಾಯಂ ಗಿರಾಕಿಗಳಾಗಿದ್ದವು. ನಾನು ಹೊಸ ಡಿಸ್ಕಿನಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಫೋಲ್ಡರ್ ಮಾಡಿ, ಅವುಗಳೊಳಗೆ ಹಳ್ಳಿಗಳ ಹೆಸರು ಬರೆದು, ಯಾರು ಯಾವ ಊರಿನವರೋ ಅವರನ್ನು ಆ ಊರಿಗೆ ಕಳಿಸಿದೆ. ಹಳೆಯ ಮನೆಯಲ್ಲಿ ಕಡ್ಡಿ ಉಳಿಯದಂತೆ ಅಳಿಸಿದೆ. ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಬಿಡದೆ ಖಾಲಿ ಮಾಡಿದೆ. ಬಿಟ್ಟುಹೋದ ಮನೆಯನ್ನು ಹೊಲಸಾಗಿ ಬಿಡುವ ಪೈಕಿ ನಾವಲ್ಲ!

ಅಷ್ಟರಲ್ಲಿ ಸುರೇಬಾನದ ನೀಲವ್ವ ಕೈಚೀಲದ ಸಮೇತ ಒಳಗೆ ಬಂದರು. ಅವರ ಮಗಳು ಮಹಾದೇವಿಯನ್ನು ಕಿತ್ತೂರಿನ ಈರಣ್ಣನಿಗೆ ಕೊಟ್ಟಿದ್ದರು. ಆ ಮದುವೆಯ ಅಲ್ಬಮ್ ನಮ್ಮಲ್ಲೇ ಇತ್ತು. ಹುಡುಗಿ ಬಸುರಿಯಾದರೂ ನಮ್ಮ ಅಲ್ಬಮ್ಮಿಗೆ ಇನ್ನೂ ಹೆರಿಗೆಯಾಗಿರಲಿಲ್ಲ.

"ಅಕ್ಕಾರ, ಕುಬಸದ ಸೀರಿ ತಗೊಳ್ಳಾಕ ಬಂದಿದ್ದೆ. ಅಲ್ಬಮ್ ಪುಟಾ ತೋರಸ್ರಿ. ಬರೂ ಸೋಮಾರ ಕುಬಸ ಐತಿ, ಅಲ್ಬಮ್ ಇಲ್ದ ಹೋದ್ರ ಬೀಗತಿ ನನ್ನ ಹೊಸ್ತಿಲದಾಗs ನಿಂದರಸ್ತಾಳ!"

ಅವರು ಪುಟಗಳನ್ನು ನೋಡಿ ಹೂಂ ಎಂದರೆ, ಸೀಮಂತಕ್ಕೆ ಸಿಗುವಂತೆ ಮರುದಿನವೇ ಬೆಳಗಾವಿಗೆ ಪ್ರಿಂಟಿಗೆ ಕಳಿಸಬೇಕಿತ್ತು. "ಕುಂದರ್ರಿ ನೀಲಕ್ಕಾರ, ತಯಾರ್ ಅದಾವು" ಎಂದು ಅಲ್ಬಮ್ ತೆರೆದೆ.

ಗುಲಾಬಿ ಹೂಗಳಿದ್ದವು. ಹೃದಯಗಳಿದ್ದವು. ಹೃದಯದೊಳಗೆ ಮದುಮಕ್ಕಳ ಬದಲು ಒಂದೊಂದು ಪ್ರಶ್ನಾರ್ಥಕ ಚಿಹ್ನೆ! ಪುಟದ ಮೇಲೆ ಪುಟ ತಿರುಗಿಸಿದೆ. ಇಡೀ ಮದುವೆಯೇ ಪ್ರಶ್ನೆಯಾಗಿತ್ತು.

ನೀಲವ್ವನವರಿಗೆ ಚಹಾ ಕೊಟ್ಟು, ಮೂಲೆಗೆ ಹೋಗಿ, ಪಿಸುದನಿಯಲ್ಲಿ ಶಿವಾನಂದನಿಗೆ ಫೋನ್ ಮಾಡಿದೆ. ಆ ಕಡೆ ಬ್ಯಾಂಡಿನ ಅಬ್ಬರ.

"ಏನs ಅವ್ವಾ? ಕೇಳವಲ್ದು!"

"ಫೋಟೋ ಇದ್ದಲ್ಲೆಲ್ಲಾ ಪ್ರಶ್ನಿ ಗುರ್ತು ಬಂದಾವೋ."

"ಫೋಟೋದ್ದು ಜಾಗಾ ಬದಲಿ ಮಾಡೀಯೇನು?"

"ಸ್ವಲ್ಪ."

"ಎಷ್ಟು ಸ್ವಲ್ಪ?"

"ಎಲ್ಲಾ."

ಅವನು ಬ್ಯಾಂಡಿನಿಂದ ದೂರ ಸರಿದ. ಆಮೇಲೆ ಅವನ ದನಿ: "ಪುಟಕ್ಕ ಫೋಟೋ ಎಲ್ಲಿ ಅದಾವಂತ ಹಾದಿ ತೋರಿಸಬೇಕವ್ವಾ. ಆ ಗುರ್ತಿನ ಮ್ಯಾಲೆ ಒತ್ತು, ಹೊಸಾ ಫೋಲ್ಡರ್ ತೋರಿಸು. ಒಂದಕ್ಕ ತೋರಿಸಿದ್ರ ಉಳದದ್ದು ಹೆಸರು ನೋಡಿ ತಾನs ಹುಡಿಕ್ಕೊಂತೈತಿ. ಅಕ್ಕಿಕಾಳು ಬೀಳಾಕ ಹತ್ಯಾವು, ಇಡತೇನಿ!"

ಇಷ್ಟೇನಾ! ಮದುವೆ ನಡೆದದ್ದು ಹುಡುಗಿಯ ಊರಲ್ಲಿ. ರಾಮದುರ್ಗ ತೆರೆದೆ, ಸುರೇಬಾನ ತೋರಿಸಿದೆ. ಪ್ರಶ್ನೆಗಳೆಲ್ಲ ಪಟಪಟನೆ ಮಾಯವಾದವು. ಗೆದ್ದೆ!

ಹೆಮ್ಮೆಯಿಂದ ಪರದೆಯನ್ನು ನೀಲವ್ವನವರ ಕಡೆಗೆ ತಿರುಗಿಸಿದೆ.

ಮೊದಲ ಪುಟ. ಹೃದಯದ ಚೌಕಟ್ಟು, ಕೆಳಗೆ 'ಚಿ. ಸೌ. ಮಹಾದೇವಿ' ಎಂದು ಬಂಗಾರದ ಅಕ್ಷರ. ನಡುವೆ ಮೆಲುಕು ಹಾಕುತ್ತಿದ್ದ ಒಂದು ಎಮ್ಮೆ.

ಬೆರಳು ಗಾಬರಿಯಿಂದ ಮುಂದಿನ ಪುಟ ಒತ್ತಿತು. 'ಮಾಂಗಲ್ಯಧಾರಣೆ': ಒಬ್ಬಾತ ಎಮ್ಮೆಯ ಕೊರಳಿಗೆ ಹಗ್ಗ ಬಿಗಿಯುತ್ತಿದ್ದ. ಅದರ ಮುಂದೆ 'ಗಂಡಿನ ಕಡೆಯ ಬೀಗರು': ಗೋದಲಿಯ ಮುಂದೆ ಸಾಲಾಗಿ ಕಟ್ಟಿದ್ದ ಎಮ್ಮೆಗಳು, ಎಲ್ಲವೂ ಗಂಭೀರವಾಗಿ ಕ್ಯಾಮೆರಾ ನೋಡುತ್ತಿದ್ದವು.

ನಮ್ಮ ಕ್ಯಾಮೆರಾ ಪ್ರತಿ ಸಲ ಒಂದರಿಂದಲೇ ಎಣಿಕೆ ಶುರು ಮಾಡುತ್ತಿತ್ತು. ಮದುವೆಯ ಮೊದಲ ಫೋಟೋಕ್ಕೂ ಎಮ್ಮೆಯ ಮೊದಲ ಫೋಟೋಕ್ಕೂ ಒಂದೇ ಹೆಸರು. ಸುರೇಬಾನದ ಫೋಲ್ಡರಿನಲ್ಲಿ ಇದ್ದದ್ದು ಎಮ್ಮೆ ಮಾತ್ರ. ಪಾಪ, ಪುಟಗಳು ಸಿಕ್ಕವರನ್ನು ಕರೆದುಕೊಂಡು ಬಂದಿದ್ದವು!

ನೀಲವ್ವ ಕಪ್ಪು ಕೆಳಗಿಟ್ಟರು. ಪರದೆಗೆ ಮುಖ ಹತ್ತಿಸಿ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಅಕ್ಕಾರ, ಉಳದದ್ದು ಬೇಕಾದ್ರ ತಿದ್ರಿ. ನಮ್ಮ ಬೀಗರ ಪುಟಾ ಮಾತ್ರ ಹಿಂಗs ಇರ್ಲಿ. ಅಗದೀ ಹೋಲ್ತಾವು!"

ನನಗೆ ನಗು ಬರಲಿಲ್ಲ. ಸುರೇಬಾನದಲ್ಲಿ ಮದುವೆ ಇಲ್ಲ. ಹಳೆಯ ಜಾಗವನ್ನು ನಾನೇ ಗುಡಿಸಿದ್ದೆ, ಬುಟ್ಟಿಯನ್ನೂ ಬರಿದು ಮಾಡಿದ್ದೆ. ಹೋದ ಫೋಟೋಗಳಿಗಾಗಿ ಏಳು ತಿಂಗಳ ಬಸುರಿಯನ್ನು ಮತ್ತೆ ಹಸೆಮಣೆಗೆ ಕೂಡಿಸಲು ಬರುತ್ತದೆಯೇ? ಕಣ್ಣು ತುಂಬಿ ಬಂತು.

"ನೀಲಕ್ಕಾರ, ನಗಬ್ಯಾಡ್ರಿ. ನಿಮ್ಮ ಮಗಳ ಮದುವಿ ಕಳದೈತ್ರಿ."

ಅವರ ನಗು ನಿಂತಿತು. "ಕಳದೈತಿ ಅಂದ್ರ? ಆಕಿ ಅಪ್ಪ ಅಕ್ಷತಿ ಹಾಕಿದ್ದು ಅದೊಂದರಾಗs ಐತ್ರಿ! ಮುಂದ ಎರಡು ತಿಂಗಳಿಗೆ ಹ್ವಾದ್ರು ಅವರು."

ನಾನು ಮತ್ತೆ ಮೊದಲ ಪುಟ ತೆರೆದೆ. ಹೃದಯದೊಳಗಿನ ಎಮ್ಮೆ ಅಲ್ಲೇ ಇತ್ತು. ನೀಲವ್ವ ಅದನ್ನೇ ದಿಟ್ಟಿಸಿ ನೋಡಿ, "ಅಯ್ಯ, ಇದು ನಮ್ಮ ಗಂಗಿ ಅಲ್ಲೇನ್ರಿ! ನಮ್ಮ ಹಿತ್ತಲದಾಗ ಕಟ್ಟಿದ್ದು" ಎಂದರು. ಆಮೇಲೆ ಉಸಿರು ಬಿಟ್ಟು, "ಇಕಿಯರs ಸುರೇಬಾನದಾಗ ಉಳದಾಳ. ಮಗಳು ಇನ್ನ ಎಲ್ಲಿ ನಮ್ಮೂರಾಕಿ? ಕೊಟ್ಟ ಮ್ಯಾಲ ಆಕಿ ಕಿತ್ತೂರಾಕಿ."

ನಾನು ಎದ್ದು ನಿಂತೆ. ಅಯ್ಯೋ ಶಿವನೇ! ಮದುವೆಯಾದ ಹುಡುಗಿ ಗಂಡನ ಊರಿನವಳಲ್ಲವೇ ಎಂದು ನಾನೇ ಆ ಮದುವೆಯನ್ನು ಇಡಿಯಾಗಿ ಕಿತ್ತೂರಿನ ಫೋಲ್ಡರಿಗೆ ಕಳಿಸಿಕೊಟ್ಟಿದ್ದೆ!

ಕಿತ್ತೂರು ತೋರಿಸಿದೆ. ಗಂಗಿ ಹೋಗಿ ಮಹಾದೇವಿ ಬಂದಳು. ಮಾಂಗಲ್ಯಧಾರಣೆಯ ಪುಟದಲ್ಲಿ ಜರಿ ರುಮಾಲು ಸುತ್ತಿದ ಅವಳಪ್ಪ, ಅಕ್ಷತೆಯ ಕೈ ಮೇಲೆತ್ತಿ ನಿಂತಿದ್ದರು. ನೀಲವ್ವ ಸೆರಗಿನಿಂದ ಪರದೆ ಒರೆಸಿದರು, ಆಮೇಲೆ ಕಣ್ಣು.

ಇಲ್ಲಿಗೆ ಮುಗಿಸಿದ್ದರೆ ನಾನು ಜಾಣೆ. ಆದರೆ ಹುರುಪು ಏರಿತ್ತಲ್ಲ! ಸುರೇಬಾನದ ಎಮ್ಮೆಗಳ ವಿಮೆಯ ಹಾಳೆಗಳೂ ತಯಾರಾಗಬೇಕಿತ್ತು. ಪ್ರತಿ ಫೋಟೋದ ಕೆಳಗೆ ಜಾತಿ, ಸೂಲು, ದಿನದ ಹಾಲು ಎಲ್ಲ ಬರೆದಿತ್ತು. ತೆರೆದರೆ ಅಲ್ಲಿಯೂ ಪ್ರಶ್ನೆಗಳು. ಒತ್ತಿದೆ. ಕಂಪ್ಯೂಟರು ಸ್ವಲ್ಪ ಮೊದಲು ತೆರೆದಿದ್ದ ಫೋಲ್ಡರನ್ನೇ ಮುಂದಿಟ್ಟಿತು. ಹೂಂ ಎಂದೆ. ನೀಲವ್ವನವರಿಗೆ ಬಸ್ಸಿನ ಅವಸರ, ಪರದೆ ನೋಡದೆಯೇ ಪ್ರಿಂಟು ಒತ್ತಿದೆ. ಪ್ರಿಂಟರು ಬೋರಲಾಗಿ ಉಗುಳಿದ ಹಾಳೆಗಳನ್ನು ಹಾಗೆಯೇ ಲಕೋಟೆಗೆ ತುಂಬಿ, ಅವರ ಊರಿನ ದನದ ಡಾಕ್ಟರಿಗೆ ಕೊಡಿರೆಂದು ಅವರ ಕೈಯಲ್ಲೇ ಕಳಿಸಿದೆ.

ಮರುದಿನ ಶಿವಾನಂದ ಬಂದ. ನನ್ನ ಸಾಹಸವನ್ನು ವರ್ಣಿಸುತ್ತಿದ್ದಾಗಲೇ ಅವನಿಗೆ ಫೋನ್ ಬಂತು. ಕೇಳುತ್ತ ಕೇಳುತ್ತ ಗೋಡೆಗೆ ಒರಗಿದ.

"ಯಾರೋ?"

"ಸುರೇಬಾನದ ದನದ ಡಾಕ್ಟ್ರು. ಕಿತ್ತೂರ ಈರಣ್ಣ ಎರಡನೇ ಸೂಲಿನಾಗ ಅದಾನಂತ, ಅವ್ವಾ. ದಿನಾ ಎಂಟು ಲೀಟರ್ ಹಾಲು ಕೊಡತಾನಂತ!"

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಎಲ್ಲಿ ಬೇಕಾದರೂ ಇಡಿ. ಆದರೆ ಎಲ್ಲಿ ಇಟ್ಟಿದ್ದೀರಿ ಎಂದು ಮಾತ್ರ ನನಗೆ ಹೇಳಬೇಡಿ. ಹೋಗಿ ಅಚ್ಚುಕಟ್ಟು ಮಾಡಿಬಿಟ್ಟೇನು!